ಕೆರೆ ಏರಿಯ ಮರಬಾಳೆ

ನಾನು ಓದು ನಿಲ್ಲಿಸಿದ್ದು 1987ರಲ್ಲಿ. ಏಳನೇ ಕ್ಲಾಸು ಪಾಸಾಗಿತ್ತು, ಎಂಟಕ್ಕೆ ಸೇರಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ವರ್ಷದ್ದು ಎಂದು ನನ್ನಲ್ಲಿ ಉಳಿದಿರುವುದು ಪುಸ್ತಕದ ವಾಸನೆಯಲ್ಲ, ಒಂದು ಹೂವಿನ ವಾಸನೆ. ಅದು ಮತ್ತೆ ಮೂಗಿಗೆ ಬಿದ್ದದ್ದು ಕೆಲವು ವರ್ಷಗಳ ಹಿಂದೆ, ಯಲಹಂಕದಲ್ಲಿ, ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಎತ್ತರದಲ್ಲಿ. ಕಂಬ, ಹಲಗೆ ಸೇರಿಸಿ ಕಟ್ಟಡಗಳಿಗೆ ಸಾರವೆ ಕಟ್ಟುವುದು ನನ್ನ ಕಸುಬು. ಹುಡುಗರು ಕೆಳಗೆ ಕಂಬ ಬಿಚ್ಚುತ್ತಿದ್ದರು, ನಾನು ಮೇಲಿನ ಹಲಗೆಯ ಮೇಲಿದ್ದೆ. ಸಿಮೆಂಟಿನ ಧೂಳಿನ ನಡುವೆ ತಣ್ಣಗೆ, ಮಾಗಿದ ದ್ರಾಕ್ಷಿಗೆ ಏಲಕ್ಕಿ ಸೋಕಿಸಿದಂತಹ ಪರಿಮಳವೊಂದು ಬಂತು. ತಿರುಗಿದರೆ, ಕಾಂಪೌಂಡಿನಾಚೆ ಹೇಗೋ ಉಳಿದುಕೊಂಡಿದ್ದ ಹಳೆಯ ಮಾವಿನ ಮರದ ಕೊಂಬೆ ನನ್ನ ಎದೆಮಟ್ಟಕ್ಕಿತ್ತು. ಹಗ್ಗದಂತಹ ಬಿಳಿ ಬೇರುಗಳಿಂದ ತೊಗಟೆಯನ್ನು ಅಪ್ಪಿಕೊಂಡು ಅಲ್ಲಿ ಮರಬಾಳೆ ಕೂತಿತ್ತು. ಮಾಸಲು ಹಳದಿ ಎಸಳಿನ ಮೇಲೆ ಕಂದು ಚೌಕುಳಿ, ನಡುವೆ ನೇರಳೆ ನಾಲಿಗೆ. ಅದಕ್ಕೆ ಆರ್ಕಿಡ್ ಎನ್ನುತ್ತಾರೆಂದು ಆಮೇಲೆ ಮಗಳು ಹೇಳಿದಳು. ಫೋನ್ ತೆಗೆದು ಫೋಟೋ ಹೊಡೆದೆ, ಮಸುಕಾಯಿತು.

ಅಬ್ಬಿಗೆರೆಯ ನಮ್ಮ ಮನೆಯ ಹಿಂಬಾಗಿಲು ತೆಗೆದರೆ ತಾತನ ಮಾವಿನ ತೋಪು. ನಿಮಗೂ ಅಂಥದೊಂದು ಹಿಂಬಾಗಿಲು ಇದ್ದಿರಬಹುದು. ಇದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನಡುಮನೆಯಲ್ಲಿ ಹುಲ್ಲು ಹಾಸಿ ಹಣ್ಣಿಗಿಟ್ಟ ಕಾಯಿಗಳ ಬಿಸಿ ವಾಸನೆ, ಕೈಗೆ ಅಂಟಿದರೆ ಹೋಗದ ಸೊನೆ, ಮೇಕೆಗಳ ಗಬ್ಬು, ಇವೆಲ್ಲದರ ಮೇಲೆ ಬೆಳಗಿನ ಹೊತ್ತು ತೆಳ್ಳಗೆ ಹರಡುತ್ತಿದ್ದ ಮರಬಾಳೆಯ ಪರಿಮಳ. ತಾತನ ಮಗಳು ಪಿಳ್ಳಮ್ಮತ್ತೆ, ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಹಾಲು ಕರೆದಾದ ಮೇಲೆ ಸೀದಾ ತೋಪಿಗೆ ಹೋಗುತ್ತಿದ್ದಳು. ಹೂವು ಕೀಳುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಿ, ಕವಲಿನಲ್ಲಿ ಕೂತು, ಹೂವಿನ ಹತ್ತಿರ ಮುಖವಿಟ್ಟು ವಾಸನೆ ಎಳೆದುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವಳಿಗೆಂದು ಇದ್ದ ಹೊತ್ತು ಅದೊಂದೇ ಎಂದು ನನಗೆ ಈಗ ಅನ್ನಿಸುತ್ತದೆ.

ಕಾಯಿ ಇಳಿಸಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮನೆಮಂದಿಯೆಲ್ಲ ತೋಪಿಗೆ ಹೋಗಿ, ಬಿದಿರು ಗಳಕ್ಕೆ ಕುಡುಗೋಲು ಕಟ್ಟಿಕೊಂಡು, ಮಾವಿನ ಕೊಂಬೆಗೆ ಬೇರು ಇಳಿಸಿ ಅದರ ಸತ್ವ ಹೀರುವ ಬದನಿಕೆಯನ್ನು ಕತ್ತರಿಸಿ ಕೆಡವಬೇಕು. ಬಿದ್ದ ಸೊಪ್ಪು ಮೇಕೆಗಳಿಗೆ ಹಬ್ಬ. ನಾನು ಓದು ಬಿಟ್ಟ ಆ ವರ್ಷ ಫಸಲು ಕೈಕೊಟ್ಟಿತ್ತು. ತಾತ ತಲೆಯೆತ್ತಿ ನೋಡುತ್ತ ನೋಡುತ್ತ, ಮರಬಾಳೆಯ ಕಡೆ ಗಳ ತೋರಿಸಿದ.

"ಇದೂ ಬದನಿಕೇನೆಯ. ಮರ ತಿಂತಾ ಐತೆ. ಕೆರೀರಿ."

"ಅಂಗಲ್ಲ ಕಣಪ್ಪಾ," ಎಂದಳು ಅತ್ತೆ. "ಬದನಿಕೆ ಆಗಿದ್ರೆ ಮೇಕೆ ತಿಂತಿರ್ಲಿಲ್ವಾ? ನೋಡು, ಮೂಸೂ ನೋಡಲ್ಲ."

"ಮೇಕೆ ಮಾತು ಕೇಳ್ಕಂಡು ತೋಟ ಮಾಡಕ್ಕಾಯ್ತದೇನಮ್ಮ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸಂಜೆಯಷ್ಟರಲ್ಲಿ ತೋಪಿನಲ್ಲಿ ಒಂದು ಬೇರೂ ಉಳಿಯದಂತೆ ಕೆರೆದು ಹಾಕಿದರು. ನೆಲದ ಮೇಲೆ ಬಿದ್ದವನ್ನು ಅತ್ತೆ ಆರಿಸಿ, ಕೆರೆ ಏರಿಯ ಹೊಂಗೆ ಮರಕ್ಕೆ ಹಳೇ ಸೀರೆಯ ಚೂರುಗಳಿಂದ ಕಟ್ಟಿದಳು. ದಿನಾ ನೀರು ಚಿಮುಕಿಸಿದಳು. ಎಲ್ಲವೂ ಒಣಗಿಹೋದವು. ಆಮೇಲೆ ಅವಳು ತಾತನಿಗೆ ಮುದ್ದೆ ಬಡಿಸುತ್ತಿದ್ದಳು, ಸಾರು ಬಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. "ಪಿಳ್ಳಾ, ಉಪ್ಪು ಸಾಲ್ದು" ಎಂದರೆ ಉಪ್ಪಿನ ಮಡಕೆ ತಂದು ಪಕ್ಕದಲ್ಲಿಡುತ್ತಿದ್ದಳು, ಅಷ್ಟೇ. ಮಳೆಗಾಲ ಮುಗಿಯುವ ಮುಂಚೆ ತಾತ ಹೋದ. ಮರುವರ್ಷವೂ ಮಾವು ಕಚ್ಚಲಿಲ್ಲ. ಆಮೇಲೆ ತೋಪು ಲೇಔಟ್ ಆಯಿತು, ಮನೆ ಭಾಗವಾಯಿತು, ಅತ್ತೆ ನನ್ನ ಪಾಲಿಗೆ ಬಂದಳು. ಹಾಗೆ ಹೇಳಬಾರದು, ನಾನೇ ಕೇಳಿ ಕರೆದುಕೊಂಡು ಬಂದೆ. ಶೆಟ್ಟಿಹಳ್ಳಿಯ ನನ್ನ ಮನೆಯಲ್ಲಿ ಯಾವಾಗಲೋ ಒಮ್ಮೆ, ಹುಣಸೆಹಣ್ಣು ಬಿಡಿಸುತ್ತ, ಯಾರೂ ಕೇಳದೆ ಅಂದಳು: "ನಮ್ಮಪ್ಪ ಅದರ ಕುಲಾನೇ ಅಳಿಸ್ಬುಟ್ಟ. ಅದಕ್ಕೇ ನಾನು ಮಾತು ಬಿಟ್ಟಿದ್ದು. ಅಷ್ಟು ಬೇಗ ಓಯ್ತಾನೆ ಅಂತ ಯಾರಿಗೊತ್ತಿತ್ತು?"

ಯಲಹಂಕದ ಫೋಟೋ ತೋರಿಸಿದಾಗ ಅವಳಿಗೆ ಕಣ್ಣು ಮಂಜಾಗಿತ್ತು. "ಏನೋ ಇದು, ಅಲ್ಲಿನಾ?" ಎಂದು ಕೇಳಿದಳು. ಹಲ್ಲಿಯಲ್ಲ, ಮರಬಾಳೆ ಎಂದೆ. ಫೋನನ್ನು ಮೂಗಿನ ಹತ್ತಿರ ಹಿಡಿದು, "ವಾಸನೇನೇ ಇಲ್ವಲ್ಲ" ಎಂದು ವಾಪಸು ಕೊಟ್ಟಳು. ಬಾಗಿಲವರೆಗೆ ಹೋದವಳು ನಿಂತು, "ಯಲಹಂಕದ್ದು ಯಲಹಂಕಕ್ಕೆ. ನಮ್ಮೂರಲ್ಲಿ ಐತಾ, ಅದನ್ನೇಳು" ಎಂದಳು.

ಅಂದಿನಿಂದ ಭಾನುವಾರಗಳು ಅದಕ್ಕೇ ಹೋದವು. ಅಬ್ಬಿಗೆರೆಯಲ್ಲಿ ಮನೆಗಳ ನಡುವೆ ಸಿಕ್ಕಿಕೊಂಡ ಹುಣಸೆ, ದೇವಸ್ಥಾನದ ಹಿಂದಿನ ಅರಳಿ, ಕೆರೆ ಸುತ್ತಿನ ಹೊಂಗೆ, ಒಂದೊಂದನ್ನೂ ತಲೆಯೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ಒಳ್ಳೆಯದೊಂದು ಕ್ಯಾಮರಾ ಕೊಂಡೆ. ಬಿಸಿಲು ಏರಿದರೆ ನೇರಳೆ ಬಣ್ಣ ಫೋಟೋದಲ್ಲಿ ಸುಟ್ಟುಹೋಗುತ್ತದೆ, ಮೋಡವಿದ್ದರೆ ಚೌಕುಳಿ ಸ್ಪಷ್ಟ ಬರುತ್ತದೆ, ಗಾಳಿ ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು. ಇದನ್ನೆಲ್ಲ ಬೇರೆ ಬೇರೆ ಊರಿನ ಮರಗಳ ಮೇಲೆ ಕಲಿತೆ. ನಮ್ಮೂರಿನಲ್ಲಿ ಮಾತ್ರ ಎರಡು ಬೇಸಿಗೆ ಕಳೆದರೂ ಏನೂ ಸಿಗಲಿಲ್ಲ. ಮೂರನೆಯ ಬೇಸಿಗೆಯ ಕೊನೆಗೆ, ಮೊದಲ ಮಳೆ ಬಿದ್ದ ಮಾರನೇ ಬೆಳಿಗ್ಗೆ, ಏರಿಯ ಮೇಲೆ ನಿಂತಾಗ ಮೂಗು ಮೊದಲು ಕಂಡಿತು. ಹೊಂಗೆಯ ಎತ್ತರದ ಕೊಂಬೆಯಲ್ಲಿ ಎರಡು ಗಿಡ, ಒಂದರಲ್ಲಿ ತೆನೆ ತುಂಬ ಹೂವು.

ಕೊಂಬೆ ಕಡಿದು ತರುವ ಮಾತೇ ಇಲ್ಲ. ಅತ್ತೆಯನ್ನೇ ಹೂವಿನ ಹತ್ತಿರ ಒಯ್ಯಬೇಕು. ಹುಡುಗರನ್ನು ಕರೆಸಿ, ಮರಕ್ಕೆ ಒಂದು ಕಂಬವೂ ತಾಗದಂತೆ ಸುತ್ತ ಸಾರವೆ ಎಬ್ಬಿಸಿದೆ. ಅಗಲ ಮೆಟ್ಟಿಲು, ಎರಡೂ ಕಡೆ ಕೈಹಿಡಿ. ನನ್ನ ಬಲಗೈಯಾದ ಮಂಜ ಕಂಬ ಬಿಗಿಯುತ್ತ, "ಅಣ್ಣಾ, ಮರಕ್ಕೂ ತಾರಸಿ ಮೋಲ್ಡ್ ಹಾಕ್ತೀವಾ?" ಎಂದ. ವಾಕಿಂಗ್ ಬಂದವರೊಬ್ಬರು ಮೊಬೈಲ್ ಎತ್ತಿ ಹಿಡಿದು, "ಏನ್ರೀ, ಮರ ಕಡೀತಿದೀರಾ? ಪರ್ಮಿಷನ್ ಇದ್ಯೇನ್ರೀ? ವಿಡಿಯೋ ಮಾಡ್ತಿದೀನಿ" ಎಂದು ಗದರಿದರು.

"ಕಡಿಯಕ್ಕಲ್ಲ ಸಾರ್, ನಮ್ಮತ್ತೆಗೆ ಹೂವು ತೋರ್ಸಕ್ಕೆ."

ಅವರು ಮೇಲೆ ನೋಡಿದರು, ನಾನು ಕರೆತಂದು ಏರಿಯ ಕಲ್ಲಿನ ಮೇಲೆ ಕೂರಿಸಿದ್ದ ಅತ್ತೆಯನ್ನು ನೋಡಿದರು, ಮೊಬೈಲ್ ಇಳಿಸಿದರು. "ಆಮೇಲೆ ನಾನೂ ಹತ್ಬಹುದಾ?"

ನಾನು ತೋಳು ಹಿಡಿಯಲು ಹೋದರೆ ಅತ್ತೆ ಕೊಡವಿದಳು. "ಬುಡೋ, ಮರಾನೇ ಅತ್ತಿದೋಳು ನಾನು. ನಿನ್ನ ಕಡ್ಡಿಗೆ ಎದರ್ತೀನಾ?" ಆದರೂ ಮೆಲ್ಲಗೆ, ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದಳು. ಮೇಲಿನ ಹಲಗೆಯ ಮೇಲೆ ಕುಳ್ಳಿರಿಸಿದೆ. ಮೊದಲು ಬೆರಳಿನಿಂದ ಬೇರು ಮುಟ್ಟಿ ನೋಡಿದಳು, ಅದು ತೊಗಟೆಯ ಮೇಲೆ ಹರಿದ ದಾರಿಯನ್ನು ಉದ್ದಕ್ಕೂ ಸವರಿದಳು. ಆಮೇಲೆ ಹೂವಿನ ಹತ್ತಿರ ಮುಖವಿಟ್ಟಳು. ನಾನು ಒಂದು ಫೋಟೋ ತೆಗೆದು ಕ್ಯಾಮರಾ ಕೆಳಗಿಟ್ಟೆ.

"ನೀನು ಕಟ್ಟಿದ್ದರಲ್ಲಿ ಒಂದು ಬದುಕಿರ್ಬೇಕು ಅತ್ತೆ," ಎಂದೆ.

"ಇಲ್ಲ ಕಣೋ. ನಾನು ಕಟ್ಟಿದ್ದೆಲ್ಲ ನನ್ ಕಣ್ಣೆದುರಿಗೇ ಒಣಗ್ತು. ಇದನ್ನ ಯಾರೂ ಕಟ್ಟಿಲ್ಲ, ತಾನೇ ಬಂದೈತೆ." ಕೆರೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ನನಗಲ್ಲ, ಪಕ್ಕದಲ್ಲಿ ಕೂತ ಇನ್ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿದಳು: "ಎಲ್ಲಾನೂ ಕೆರ್ದಿರಲಿಲ್ಲ ಬಿಡಪ್ಪಾ ನೀನು."

ನನ್ನನ್ನು ಅವಳು ಎಂದೂ ಅಪ್ಪಾ ಎಂದು ಕರೆದವಳಲ್ಲ. ಕೆಳಗೆ ವಾಕಿಂಗಿನವರು ಸಾಲು ನಿಂತಿದ್ದರು. ಅವಳಾಗಿ ಏಳುವವರೆಗೆ ಯಾರನ್ನೂ ಹತ್ತಿಸಬೇಡ ಎಂದು ಮಂಜನಿಗೆ ಸನ್ನೆ ಮಾಡಿದೆ.

ಅತ್ತೆ ಹೋಗಿ ಒಂದು ಮಳೆಗಾಲ ಕಳೆಯಿತು. ಯಲಹಂಕದ ಮಾವಿನ ಮರವೂ ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ನನ್ನ ಬಳಿ ಈಗ ಇರುವುದು ಇಷ್ಟು: ಕ್ಯಾಮರಾದಲ್ಲಿ ಒಂಬತ್ತು ಮರಗಳ ಮರಬಾಳೆ, ಅವುಗಳಲ್ಲಿ ಇನ್ನೂ ನಿಂತಿರುವ ಮರ ಆರು, ನಮ್ಮೂರಿನದು ಒಂದು. ಅಂದು ಎರಡಿದ್ದ ಗಿಡ ಅದರಲ್ಲಿ ಈಗ ಮೂರು. ಅತ್ತೆಯ ಫೋಟೋ ಒಂದು.