ಹುಳದ ಮನೆಯ ಗರಿ

ನಾನು ಚಿಕ್ಕವನಿದ್ದಾಗ, ಅಂದರೆ ಏಳು ವರ್ಷದವನೋ ಒಂಬತ್ತು ವರ್ಷದವನೋ ಆಗಿದ್ದಾಗ, ನಮ್ಮ ಮನೆಯಲ್ಲಿ ನಮಗಿಂತ ಹುಳಗಳಿಗೇ ಹೆಚ್ಚು ಜಾಗವಿತ್ತು. ಏಳು ಅನ್ನುವುದು ಅಕ್ಕನ ಲೆಕ್ಕ, ಒಂಬತ್ತು ನನ್ನದು. ಯಾರದು ಸರಿ ಎಂದು ಹೇಳಲು ಈಗ ಮೂರನೆಯವರು ಯಾರೂ ಉಳಿದಿಲ್ಲ. ಆದ್ದರಿಂದ ಮಕ್ಕಳೇ, ನಾನು ಹೇಳುವುದನ್ನು ಕೇಳಿ, ಆದರೆ ಪೂರ್ತಿ ನಂಬಬೇಡಿ. ಈ ಒಂದು ದಿನವನ್ನು ಅರವತ್ತು ವರ್ಷ ಮನಸ್ಸಿನಲ್ಲೇ ಸವರುತ್ತಾ ಬಂದಿದ್ದೇನೆ. ಹಾಗೆ ಸವರಿ ಸವರಿ ಅದರ ಮೊನೆಗಳೆಲ್ಲ ಸವೆದುಹೋಗಿವೆ. ಇವತ್ತು ಅವನ್ನು ಮತ್ತೆ ಹುಡುಕೋಣ ಎಂದು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು. ಎರಡು ಸಾಲು ಬರೆಯುವುದು, ಎದ್ದು ಬಾಲ್ಕನಿಗೆ ಹೋಗುವುದು, ಮತ್ತೆ ಬರುವುದು, ಇದೇ ಆಗಿದೆ.

ಆಗ ನಮ್ಮದು ಜಕ್ಕೂರಿನ ಹಳೇ ಬೀದಿಯಲ್ಲಿ ಮೂರು ಕೋಣೆಯ ಹೆಂಚಿನ ಮನೆ. ಮೂರರಲ್ಲಿ ದೊಡ್ಡದು, ತಂಪಾದದ್ದು ರೇಷ್ಮೆ ಹುಳಗಳಿಗೆ. ಅದನ್ನು ಹುಳದ ಮನೆ ಎಂದೇ ಕರೆಯುತ್ತಿದ್ದೆವು. ಅಪ್ಪ, ಅಮ್ಮ, ಅಜ್ಜಿ, ಅಕ್ಕ, ನಾನು ಮಿಕ್ಕ ಜಾಗದಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದೆವು. ಹುಳದ ಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿರುತ್ತಿತ್ತು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಅಟ್ಟಣೆಯ ನಾಲ್ಕು ಕಾಲಿಗೂ, ಇರುವೆ ಹತ್ತದಂತೆ, ನೀರು ತುಂಬಿದ ಮಣ್ಣಿನ ಬಟ್ಟಲು. ಒಳಗೆ ಕಾಲಿಟ್ಟರೆ ಸುಣ್ಣ, ಬಿದಿರು, ಆಗಷ್ಟೇ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು, ಮೂರೂ ಸೇರಿದ ಹಸಿ ವಾಸನೆ. ಮೇಲೆ, ವಿಮಾನ ಹಾರಿಸಲು ಕಲಿಸುವ ಹತ್ತಿರದ ಮೈದಾನದಿಂದ ಎದ್ದ ಪುಟ್ಟ ವಿಮಾನವೊಂದು ಗುಂಯ್ ಎನ್ನುತ್ತಾ ಹೋದರೆ ಬಟ್ಟಲಿನ ನೀರು ನಡುಗುತ್ತಿತ್ತು. ನಡುಗುತ್ತಿತ್ತೋ, ನನಗೆ ಹಾಗೆ ಕಾಣುತ್ತಿತ್ತೋ.

ಆ ಕೋಣೆಗೆ ಕಟ್ಟುಪಾಡುಗಳಿದ್ದವು. ಕೈ ತೊಳೆಯದೆ ಒಳಗೆ ಹೋಗುವಂತಿಲ್ಲ. ಬೀಡಿ ಸೇದಿದವರು ಹೊಸಿಲು ದಾಟುವಂತಿಲ್ಲ. ಒಗ್ಗರಣೆಯ ಹೊಗೆ ಆ ಕಡೆ ಸುಳಿಯುವಂತಿಲ್ಲ. ಹುಳ ಮೊಟ್ಟೆಯೊಡೆದು ಗೂಡು ಕಟ್ಟುವ ತನಕ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಹಚ್ಚುವಂತಿಲ್ಲ. ಎಣ್ಣೆಯ ವಾಸನೆಗೆ ಹುಳ ಸಾಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಹುಳ ಸತ್ತರೆ ವರ್ಷದ ಅನ್ನಕ್ಕೇ ಕಲ್ಲು ಬೀಳುವಾಗ ಪರೀಕ್ಷೆ ಮಾಡುವವರು ಯಾರು?

ಮೊಟ್ಟೆಗಳು ಒಂದು ಕಾಗದಕ್ಕೆ ಅಂಟಿಕೊಂಡು ಬರುತ್ತಿದ್ದವು, ಸಾಸಿವೆಗಿಂತ ಚಿಕ್ಕವು. ಒಂದು ಬೆಳಗ್ಗೆ ಅವು ಒಡೆದು, ಕಪ್ಪು ಇರುವೆಯಂಥ ಮರಿಗಳು ಕಾಗದದ ತುಂಬ ಮಿಸುಕಾಡುತ್ತಿದ್ದವು. ಅವನ್ನು ಬೆರಳಿನಿಂದ ಮುಟ್ಟಿದರೆ ಸತ್ತುಹೋಗುತ್ತವೆ. ಅದಕ್ಕೇ ಒಂದು ಕೋಳಿಗರಿ. ಗರಿಯ ತುದಿಯಿಂದ, ಉಸಿರು ಬಿಗಿಹಿಡಿದು, ಮರಿಗಳನ್ನು ಕಾಗದದಿಂದ ಎಳೇ ಸೊಪ್ಪಿನ ಮೇಲೆ ಸವರಿ ಇಳಿಸಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಹದಿಮೂರು ವರ್ಷದ ಅಕ್ಕನದು. ಅಪ್ಪನ ಕೈ ಗುದ್ದಲಿ ಹಿಡಿದ ಕೈ, ಅಜ್ಜಿಯದು ನಡುಗುವ ಕೈ. ಅಕ್ಕ ಗರಿ ಹಿಡಿದರೆ ಮರಿಗಳು ತಾವಾಗಿ ಇಳಿದು ಬಂದಂತೆ ಕಾಣುತ್ತಿತ್ತು. ಅವಳ ಕೈಗುಣ ಒಳ್ಳೆಯದು ಎಂದು ಬೀದಿಗೇ ಗೊತ್ತಿತ್ತು. ಎದುರುಮನೆಯವರು, ಮೂಲೆಮನೆಯವರು ಮರಿ ಇಳಿಸಲು ಅವಳನ್ನೇ ಕರೆಯುತ್ತಿದ್ದರು. ಹೋಗುವಾಗ ಅಕ್ಕ ಗರಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮೇಷ್ಟ್ರ ಹಾಗೆ ನಡೆಯುತ್ತಿದ್ದಳು.

ಸವರು ಅನ್ನುವ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿತ್ತು. ಅಜ್ಜಿ ಬಿಸಿ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ಅಪ್ಪ ಎತ್ತಿನ ಬೆನ್ನು ಸವರುತ್ತಿದ್ದ. ಅಮ್ಮ ಕುಡುಗೋಲಿನಲ್ಲಿ ಹಿಪ್ಪುನೇರಳೆ ಕಡ್ಡಿ ಸವರಿ, ಅಂದರೆ ಕೊಯ್ದು, ಹೊರೆ ಕಟ್ಟುತ್ತಿದ್ದಳು. ಅಷ್ಟು ಮೃದುವಾದ ಮಾತು ಕುಡುಗೋಲಿನ ಹತ್ತಿರ ಹೇಗೆ ಹೋಯಿತು ಎಂದು ನಾನು ಕೇಳಿದ್ದೆ. "ಸೊಪ್ಪಿನ್ ಒರೆ ಒರೋಕೆ ಆಗ್ದಿರೋನು ಮಾತಿನ್ ಒರೆ ಒರ್ತಾನೆ," ಎಂದು ಅಜ್ಜಿ ನಕ್ಕಿದ್ದಳು.

ಆ ದಿನ ಮೊಟ್ಟೆಗಳು ನೀಲಿಗೆ ತಿರುಗಿ ಎರಡು ದಿನವಾಗಿತ್ತು, ಅಂದರೆ ಒಡೆಯುವ ಬೆಳಗ್ಗೆ ಅದೇ. ಬೆಳಕು ಹರಿಯುವ ಮೊದಲೇ ನನಗೆ ಎಚ್ಚರ. ಕೂತರೆ ನಿಲ್ಲಬೇಕು, ನಿಂತರೆ ಓಡಬೇಕು ಅನ್ನಿಸುತ್ತಿತ್ತು. ಹಿತ್ತಲಲ್ಲಿ ವಾರದ ಕರುವೊಂದಿತ್ತು. ಬಾಗಿಲಿಗೂ ಹಿತ್ತಲಿಗೂ ಎಷ್ಟು ಸಲ ಓಡಾಡಿದೆನೋ. ಅಕ್ಕ ಕೈ ತೊಳೆದು ಹುಳದ ಮನೆಗೆ ಹೋದವಳು ನನ್ನನ್ನೂ ಕರೆದಳು.

"ಬಾ, ನೋಡ್ಬಾ. ಮೂಗ್ ಮುಚ್ಕೋ, ಉಸ್ರು ಬಿಟ್ರೆ ಹಾರೋಗ್ತವೆ."

ಕಾಗದವೇ ಜೀವ ಬಂದಂತೆ ಕದಲುತ್ತಿತ್ತು. ನಾನು ಬೆರಳು ಚಾಚಿದೆ. ಅಕ್ಕ ಮಣಿಕಟ್ಟಿಗೆ ಒಂದು ಏಟು ಕೊಟ್ಟಳು. "ಮುಟ್ಟಿದ್ರೆ ಕೈ ಕತ್ತರ್ಸಿ ನಿನ್ನೇ ಸೊಪ್ಪಿನ್ ಮೇಲ್ ಮಲಗುಸ್ತೀನಿ."

ಆಮೇಲೆ ಅವಳು ಎಳೇ ಸೊಪ್ಪು ಹೆಚ್ಚಲು ಜಗುಲಿಗೆ ಹೋದಳು. ಗರಿ ಗೋಡೆಯ ಗೂಡಿನಲ್ಲಿತ್ತು. ಮರಿಗಳನ್ನು ಮುಟ್ಟುವಂತಿಲ್ಲ, ಸರಿ. ಗರಿಯನ್ನು ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ. ನಾನು ಅದನ್ನು ತೆಗೆದುಕೊಂಡು ಹಿತ್ತಲಿಗೆ ಓಡಿದೆ. ಅಕ್ಕನ ಹಾಗೆಯೇ ಉಸಿರು ಬಿಗಿಹಿಡಿದು, ಕರುವಿನ ಕಿವಿ, ಕತ್ತು, ಬೆನ್ನು ಸವರಿದೆ. ಕರು ಕಣ್ಣು ಅರ್ಧ ಮುಚ್ಚಿ ಕತ್ತು ಉದ್ದ ಮಾಡಿತು. ನನ್ನ ಕೈಗುಣವೂ ಒಳ್ಳೆಯದೇ ಎಂದು ನನಗೆ ಬಹಳ ಸಂತೋಷವಾಯಿತು. ಅಕ್ಕ ಬರುವುದರೊಳಗೆ ಗರಿಯನ್ನು ತಂದು ಅದೇ ಗೂಡಿನಲ್ಲಿಟ್ಟೆ.

ಅಕ್ಕ ಬಂದಳು. ಗರಿ ತೆಗೆದುಕೊಂಡಳು. ಮರಿಗಳನ್ನೆಲ್ಲ ಸೊಪ್ಪಿನ ಮೇಲೆ ಇಳಿಸಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಆ ಕೆಲಸ ಮಾಡಿರಲಿಲ್ಲ. ಇದೊಂದು ಮಾತ್ರ ನನಗೆ ಖಂಡಿತ ನೆನಪಿದೆ, ಯಾಕೆಂದರೆ ಇದನ್ನು ಮರೆಯಲು ತುಂಬ ಪ್ರಯತ್ನಪಟ್ಟಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಮರಿಗಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಸಂಜೆಗೆ ತಟ್ಟೆಯ ತುಂಬ ಮುದುಡಿದ ಕಪ್ಪು ದಾರದ ತುಂಡುಗಳು. ಒಂದೂ ಮಿಸುಕಲಿಲ್ಲ. ಅಪ್ಪ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತ. ಅಜ್ಜಿ ಮಾತ್ರ ನೇರವಾಗಿ ಅಕ್ಕನ ಹತ್ತಿರ ಹೋಗಿ ಅವಳ ಜಡೆ ಎತ್ತಿ ಮೂಸಿದಳು.

"ಎಣ್ಣೆ ಅಚ್ಚಿದೀಯಾ?"

ಅಕ್ಕ ಸುಳ್ಳು ಹೇಳಬಹುದಿತ್ತು. "ಒಂದ್ ತೊಟ್ಟು. ಕೂದ್ಲು ಹಾರ್ತಿತ್ತು, ಹಣೆ ಮೇಲೆ ಸವರ್ಕೊಂಡೆ ಅಷ್ಟೇ," ಅಂದಳು.

"ಒಂದ್ ತೊಟ್ಟು," ಅಂದಳು ಅಜ್ಜಿ. "ಉಳದ್ ಮನೆಗೆ ಎಣ್ಣೆ ಅಚ್ಕಂಡು ಓಗ್ಬ್ಯಾಡ ಅಂತ ಬಡ್ಕಂಡೆ. ಒಂದ್ ತೊಟ್ಟಂತೆ."

ಅಷ್ಟು ಹೊತ್ತಿಗೆ ಸುದ್ದಿ ಎದುರುಮನೆಗೆ ಹೋಗಿತ್ತು. ಅವರ ಮೊಟ್ಟೆ ಮಾರನೆಯ ಬೆಳಗ್ಗೆ ಒಡೆಯುವುದಿತ್ತು, ಅಕ್ಕ ಹೋಗಬೇಕಿತ್ತು. ಆ ಮನೆಯ ಹೆಂಗಸು ನಮ್ಮ ಜಗುಲಿಯವರೆಗೆ ಬಂದು, ಮೇಲೆ ಹತ್ತದೆ, ಮೆತ್ತಗೆ ಹೇಳಿದಳು. "ನಾಳೀಕೆ ನೀನ್ ಬರಾದ್ ಬ್ಯಾಡ ಕಣವ್ವ. ನಾವೇ ಎಂಗೋ ಮಾಡ್ಕಂತೀವಿ." ಬೈದಿದ್ದರೆ ಎಷ್ಟೋ ಮೇಲಿತ್ತು. ಅಕ್ಕ ಕಿವಿಯ ಹಿಂದೆ ಕೈ ಹಾಕಿ ನೋಡಿಕೊಂಡಳು. ಗರಿ ಅಲ್ಲಿರಲಿಲ್ಲ. ಅದು ಆಗ ಗೂಡಿನಲ್ಲೇ ಇತ್ತು.

ಆವರೆಗೂ ನನಗೆ ಏನೂ ಹೊಳೆದಿರಲಿಲ್ಲ. ಹಿತ್ತಲಲ್ಲಿ ನಾನು ಕರುವಿನ ಪಕ್ಕ ಕೂತು ಅಕ್ಕನಿಗಾಗಿ ಅಳುತ್ತಿದ್ದಾಗ ಅಪ್ಪ ಬಂದ. "ಆ ಕರ ಮುಟ್ಟಿ ಬಾಯಿಗ್ ಕೈ ಆಕ್ಬ್ಯಾಡ ಕಣ್ಲಾ. ನಿನ್ನೆ ಉಣ್ಣಿ ಸಾಯ್ಲಿ ಅಂತ ಪುಡಿ ಉಜ್ಜಿದೀನಿ. ವಿಷ ಅದು." ನಾನು ಕರುವಿನ ಬೆನ್ನು ನೋಡಿದೆ. ಕೂದಲಿನ ಬುಡದಲ್ಲಿ ಬಿಳಿ ಪುಡಿ. ಗರಿಯ ತುದಿ ಬೆಳಗ್ಗೆ ಬೆಳ್ಳಗಿತ್ತೇ? ಗೊತ್ತಿಲ್ಲ. ಈಗ ನೆನೆದರೆ ಬೆಳ್ಳಗೇ ಕಾಣುತ್ತದೆ. ನಾನು ಹುಳಕ್ಕಾಗಿ ಅಳುತ್ತಿದ್ದೇನೆ ಎಂದುಕೊಂಡು ಅಪ್ಪ ನನ್ನ ತಲೆ ಸವರಿದ. ಆ ಒರಟು ಕೈ ಅಷ್ಟು ಹಗುರವಾಗಿ ಎಂದೂ ನನ್ನ ಮೇಲೆ ಬಿದ್ದಿರಲಿಲ್ಲ. ಅದು ತಲೆಯ ಮೇಲಿರುವ ತನಕ ನಾನು ಬಾಯಿ ಬಿಡಲಿಲ್ಲ. ಅದು ತಲೆಯಿಂದ ಇಳಿದ ಮೇಲೆ ಬಾಯಿ ಬಿಡುವ ಧೈರ್ಯ ಹೋಗಿತ್ತು.

ಆಮೇಲೆ ಗರಿಯನ್ನು ತೆಗೆದುಕೊಂಡು ಹೋಗಿ ನೀರೊಲೆಗೆ ಹಾಕಿದೆ. ಸುಟ್ಟ ಗರಿಯ ಕಮಟು ಮನೆಯನ್ನೆಲ್ಲ ತುಂಬಿತು. ಯಾರೂ ಕೇಳಲಿಲ್ಲ. ಆ ಸಂಜೆ ಯಾರಿಗೂ ಏನನ್ನೂ ಕೇಳುವ ಮನಸ್ಸಿರಲಿಲ್ಲ.

ಮಲಗುವ ಮುಂಚೆ ಅಪ್ಪ ಅಕ್ಕನಿಗೆ, "ಓಗ್ಲಿ ಬಿಡವ್ವ, ಮುಂದಿನ್ ಸಲ ನೀನೇ ಇಳ್ಸೀಯಂತೆ," ಅಂದ.

"ಯಾಕ್ಲಾ ಮಗೀನ ಮೂಗಿಗೆ ತುಪ್ಪ ಸವರ್ತೀಯಾ?" ಅಂದಳು ಅಜ್ಜಿ. "ಇನ್ನ ಅವ್ಳ ಕೈಲಿ ಮುಟ್ಸೋರ್ ಯಾರು?"

ಅಜ್ಜಿಯ ಮಾತೇ ನಿಜವಾಯಿತು. ಮುಂದಿನ ಸಲ ಗರಿ ಹಿಡಿದದ್ದು ಅಜ್ಜಿ, ಆ ನಡುಗುವ ಕೈಯಲ್ಲೇ. ಅಕ್ಕನನ್ನು ಅಮ್ಮನ ಜೊತೆ ತೋಟಕ್ಕೆ ಕಳಿಸಿದರು. ಮರಿಗಳನ್ನು ಸವರುತ್ತಿದ್ದವಳು ಕುಡುಗೋಲು ಹಿಡಿದು ಕಡ್ಡಿ ಸವರತೊಡಗಿದಳು. ಬೀದಿಯಲ್ಲಿ ಯಾರೂ ಅವಳನ್ನು ಮತ್ತೆ ಕರೆಯಲಿಲ್ಲ. ಅವಳು ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಳು. ಹುಳ ಸಾಕುವುದನ್ನು ನಾವು ನಿಲ್ಲಿಸಿದ ಮೇಲೂ, ಅವಳ ಮದುವೆಯಾದ ಮೇಲೂ, ಹಚ್ಚಲಿಲ್ಲ.

ಇದಿಷ್ಟು ಆ ದಿನ. ಇಲ್ಲಿಗೆ ನಿಲ್ಲಿಸಿದರೆ ನೀತಿಕಥೆಯಾಗುತ್ತದೆ. ಆದರೆ ಹೋದ ಭಾನುವಾರ ಇನ್ನೊಂದು ನಡೆಯಿತು.

ನಾವು ಈಗಲೂ ಜಕ್ಕೂರಿನಲ್ಲೇ ಇದ್ದೇವೆ, ಆದರೆ ಒಂಬತ್ತನೇ ಮಹಡಿಯಲ್ಲಿ. ಅವತ್ತು ಅಪಾರ್ಟ್‌ಮೆಂಟಿನಲ್ಲಿ ಜಿರಲೆಗೆ ಔಷಧಿ ಹೊಡೆಯುವವರಿದ್ದರು, ಸಂಜೆಯ ತನಕ ಹೊರಗಿರಿ ಅಂದರು. ಆರ್.ಟಿ. ನಗರದಲ್ಲಿರುವ ಅಕ್ಕನ ಮನೆಗೆ ಹೊರಟೆವು. ಎಂಟು ವರ್ಷದ ಮೊಮ್ಮಗಳು ಒಂದು ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕಾರು ಹತ್ತಿದಳು. ಅದರಲ್ಲಿ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಸಿಕ್ಕ ಚಿಟ್ಟೆಯ ಮರಿಹುಳಗಳು. ಆಗಷ್ಟೇ ಮೊಟ್ಟೆಯೊಡೆದವು, ಕಪ್ಪಗೆ, ಎಳ್ಳಿನಷ್ಟು. "ಔಷಧಿ ಹೊಡೆದ್ರೆ ಇವು ಸತ್ತೋಗಲ್ವಾ ತಾತ?" ಎಂದು ಕೇಳಿದಳು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳ ಸಾಲು ನಿಂತೇ ಇತ್ತು. ಇಳಿದು ನಡೆದುಬಿಡೋಣ ಅನ್ನಿಸಿತು ನನಗೆ.

ಅಕ್ಕ ಸೋಫಾದ ಮೇಲೆ ಕೂತು ಟಿ.ವಿ. ನೋಡುತ್ತಿದ್ದಳು. ಒಣಗಿದ ಬಿಳಿ ಕೂದಲು ಫ್ಯಾನಿನ ಗಾಳಿಗೆ ಹಾರುತ್ತಿತ್ತು. ನಾನು ನೀರೂ ಕುಡಿಯದೆ ಹೇಳಿಬಿಟ್ಟೆ.

"ಅಕ್ಕಾ, ಅವತ್ತು ಮರಿ ಸತ್ತಿದ್ದು ನಿನ್ನ ಎಣ್ಣೆಯಿಂದಲ್ಲ. ಗರಿ ತಗೊಂಡು ಕರು ಮೈ ಸವರಿದ್ದು ನಾನು. ಅದ್ರ ಮೈಮೇಲೆ ಉಣ್ಣಿ ಪುಡಿ ಇತ್ತು."

ಅವಳು ಟಿ.ವಿ.ಯ ಸದ್ದು ಕಡಿಮೆ ಮಾಡಿದಳು. "ಯಾವ್ ಕರುನೋ?"

"ಹಿತ್ತಲಲ್ಲಿತ್ತಲ್ಲ, ಕೆಂದು."

"ಕೆಂದು ಹುಟ್ಟಿದ್ದು ಆಮೇಲೆ. ನಿಂಗಾಗ ಏಳು ವರ್ಷ, ಏನ್ ನೆನಪಿರುತ್ತೆ? ಎಣ್ಣೆ ಹಚ್ಕೊಂಡಿದ್ದು ನಾನು. ಸಾಯ್ಸಿದ್ದೂ ನಾನೇ. ಬಿಡು."

ನಾನು ಮತ್ತೆ ಹೇಳಿದೆ. ಅವಳು ಮತ್ತೆ ಬಿಡು ಅಂದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ಅರವತ್ತು ವರ್ಷ ಹೊತ್ತದ್ದನ್ನು ನಾನು ಬಂದು ಅರ್ಧ ನಿಮಿಷದಲ್ಲಿ ಇಳಿಸುವುದು ಅವಳಿಗೆ ಬೇಕಿರಲಿಲ್ಲವೋ, ಅಥವಾ ಕೆಂದು ನಿಜವಾಗಿ ಆಮೇಲೆ ಹುಟ್ಟಿತ್ತೋ, ನನಗೆ ತಿಳಿಯಲಿಲ್ಲ. ನಾನು ಆ ಕೋಣೆಯಲ್ಲಿ ಮೂರು ಸಲ ಎದ್ದೆ, ಮೂರು ಸಲ ಕೂತೆ.

ಅಷ್ಟರಲ್ಲಿ ಮೊಮ್ಮಗಳು ಡಬ್ಬಿ ತೆರೆದು ಅಕ್ಕನ ಮುಂದೆ ಹಿಡಿದಳು. "ದೊಡ್ಡಜ್ಜಿ, ಎಲೆ ಒಣಗೋಯ್ತು. ಬೇರೆ ಎಲೆಗೆ ಹಾಕ್ಬೇಕು. ಹೆಂಗ್ ಎತ್ಲಿ?" ಎಂದು ಬೆರಳು ಚಾಚಿದಳು.

ಅಕ್ಕ ಅವಳ ಮಣಿಕಟ್ಟಿಗೆ ಒಂದು ಏಟು ಕೊಟ್ಟಳು. ನನಗೆ ಅರವತ್ತು ವರ್ಷದ ಹಿಂದೆ ಬಿದ್ದದ್ದೂ ಅಂಥದೇ ಏಟು. "ನೀನ್ ಬಣ್ಣ ಹಚ್ಚೋ ಬ್ರಷ್ ಇದ್ಯಾ? ಹೊಸದು?"

ಇತ್ತು. ಈ ಮಕ್ಕಳ ಚೀಲದಲ್ಲಿ ಇಲ್ಲದ್ದು ಯಾವುದು? ಇವರು ದಿನವಿಡೀ ಗಾಜಿನ ಪರದೆ ಸವರುತ್ತಾರೆ, ಸವರಿದ್ದೆಲ್ಲ ಕೂಡಲೇ ಬದಲಾಗುತ್ತದೆ, ತಪ್ಪಾದರೆ ಹಿಂದಕ್ಕೆ ಸವರಿದರಾಯಿತು. ನಮ್ಮ ಕಾಲವೇ ಮೇಲು ಎಂದು ನಾನು ಹೇಳಲಾರೆ. ನಮ್ಮ ಕಾಲದಲ್ಲಿ ಒಂದು ತೊಟ್ಟು ಎಣ್ಣೆಗೆ ಒಬ್ಬ ಹುಡುಗಿಯ ಕೈಗುಣವನ್ನೇ ಕಸಿದುಕೊಳ್ಳುತ್ತಿದ್ದರು. ಈ ಹುಡುಗಿಯ ಜಡೆ ಮೂಸಿ ನೋಡುವವರು ಯಾರೂ ಇಲ್ಲ. ಆದರೆ ಅವಳೂ ಆ ಡಬ್ಬಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಳು, ಯಾರೂ ಹೇಳಿಕೊಡದೆ.

ಅಕ್ಕ ಎದ್ದು ಹೋಗಿ ಮೊಣಕೈಯವರೆಗೆ ಕೈ ತೊಳೆದು ಬಂದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೂದಲು ಒಂದೆಳೆಯೂ ಕಾಣದಂತೆ ಬಿಗಿಯಾಗಿ ಸಿಕ್ಕಿಸಿದಳು. ಬ್ರಷ್ ಹಿಡಿದ ಕೈ ನಡುಗುತ್ತಿತ್ತು, ಅಜ್ಜಿಯದರ ಹಾಗೇ. ಬ್ರಷ್ಷಿನ ತುದಿ ಎಲೆಗೆ ತಾಗುವಾಗಲೂ ನಡುಗುತ್ತಿತ್ತೇ ಎಂದು ನೋಡಲು ನಾನು ಹತ್ತಿರ ಬಗ್ಗಿದೆ.

"ನೀನು ಅಲ್ಲೇ ನಿಂತ್ಕೋ," ಅಂದಳು ಅಕ್ಕ, ತಲೆ ಎತ್ತದೆ. "ಮೊದ್ಲು ಹೋಗಿ ಕೈ ತೊಳ್ಕೊಂಡ್ ಬಾ."

ನಾನು ಹೋದೆ. ಎರಡು ಸಲ ತೊಳೆದುಕೊಂಡೆ.