ಕರಡ ಕೊಯ್ಯದ ಗುಡ್ಡ

ಕಾಡು ಸುಟ್ಟಾಗ ಕಿಡಿ ಹಚ್ಚಿದವರು ಯಾರೆಂದು ಕೇಳುತ್ತೀರಿ. ಉರಿಯುವುದಕ್ಕೆ ಅಲ್ಲಿ ಅಷ್ಟೊಂದು ಕೂಡಿಟ್ಟವರು ಯಾರೆಂದು ಎಂದಾದರೂ ಕೇಳಿದ್ದೀರಾ? ನನ್ನ ಮೇಜಿನ ಮೇಲೆ ಹಿಡಿ ಸುಟ್ಟ ಕುಡಗೋಲೊಂದಿದೆ. ಇಂದು ಬೆಳಿಗ್ಗೆ ಕಾಗದ ಸರಿಸುವಾಗ ಅದರ ಮಸಿ ಬೆರಳಿಗೆ ಹತ್ತಿತು. ಉತ್ತರವನ್ನು ನಾನೇ ಹೇಳಬೇಕಾಗಿದೆ.

ಕುಡಗೋಲು ಸಂಗವ್ವನದು. ಸುರಪುರದ ಈಚೆಗಿರುವ ನಮ್ಮೂರ ಕಲ್ಲುಗುಡ್ಡದಲ್ಲಿ, ದೀಪಾವಳಿ ಕಳೆದೊಡನೆ ಆಕೆ ಹತ್ತಾರು ಹೆಂಗಸರೊಂದಿಗೆ ಕರಡ ಕೊಯ್ಯುತ್ತಿದ್ದಳು. ಕರಡವೆಂದರೆ ಗುಡ್ಡದ ಒಣಹುಲ್ಲು. ಎಮ್ಮೆಗೆ ಮೇವು, ಗುಡಿಸಲಿಗೆ ಹೊದಿಕೆ. ಉಳಿದ ಕೂಳೆಯನ್ನು ಕುರಿಗಳು ನುಣ್ಣಗೆ ಮೇಯುತ್ತಿದ್ದವು.

ನಾನಾಗ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಎರಡು ಢಾಲುಗಳೊಂದಿಗೆ ಮರಳಿ ಊರಿನ ಶಾಲೆಗೆ ಮಾಸ್ತರನಾಗಿದ್ದೆ. ಎದುರಾಳಿಯಿಲ್ಲದೆ ನನಗೆ ಅನ್ನ ಸೇರುತ್ತಿರಲಿಲ್ಲ. ಕುಡಗೋಲೇ ಕಾಡಿನ ಶತ್ರುವೆಂದು ತೀರ್ಮಾನಿಸಿ, ಗುಡ್ಡಕ್ಕೆ ಕುರಿಯೂ ಕುಡಗೋಲೂ ಹೋಗಕೂಡದೆಂದು ಗ್ರಾಮಸಭೆಯಲ್ಲಿ ವಾದಿಸಿದೆ.

ಸಂಗವ್ವ ಎದ್ದು ನಿಂತಳು. "ಮಾಸ್ತರ್ರ, ಗುಡ್ಡಕ್ಕ ಗಡ್ಡ ಬಿಡಸಾಕತ್ತೀರಲ್ಲ, ಕಿಡಿ ಬಿದ್ದರ ಮಾರಿ-ಮೂಗು ಉಳೀತದೇನ್ರಿ?"

"ಹುಲ್ಲು ಕಾಡಿನ ಬಾಲ್ಯ, ಆಯಿ," ಎಂದೆ.

"ಹೌದೇನ್ರಿ? ಹಂಗಾರ ಆ ಕೂಸಿನ ಕೈಯಾಗ ಬೆಂಕಿಪೆಟ್ಟಿಗಿ ಕೊಡಬ್ಯಾಡ್ರಿ!"

ಸಭೆ ನಕ್ಕಿತು, ಆದರೂ ಚಪ್ಪಾಳೆ ನನ್ನ ಪಾಲಿಗೇ ಬಂತು. ಠರಾವು ಪಾಸಾಯಿತು.

ಎರಡು ಮಳೆಗಾಲ ಗುಡ್ಡ ನಿಜಕ್ಕೂ ಹಸಿರಾಯಿತು. ತಾನಾಗಿ ಎದ್ದ ಬೇವಿನ ಸಸಿಗಳನ್ನು ದಿನವೂ ನೋಡಿ ಬರುತ್ತಿದ್ದೆ. ಅವುಗಳ ಸುತ್ತ ಹಳೆಯ ಕರಡದ ಮೇಲೆ ಹೊಸ ಕರಡ ಒಣಗಿ ಸೊಂಟದೆತ್ತರಕ್ಕೆ ನಿಂತದ್ದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ, ಯಾರದೋ ಹೊಲದಲ್ಲಿ ಹತ್ತಿಕಟ್ಟಿಗೆ ಸುಡುವಾಗ ಕಿಡಿ ಹಾರಿತು. ಕಿಡಿ ಪ್ರತಿವರ್ಷ ಹಾರುತ್ತಿತ್ತು. ಬಿಸಿಲೂ ಗಾಳಿಯೂ ಹೊಸವಲ್ಲ. ಮೊದಲೆಲ್ಲ ಬೆಂಕಿ ಕೂಳೆಯಲ್ಲಿ ಪಾದದೆತ್ತರ ಹರಿದು ಬಂಡೆಗೆ ಬಂದು ಸಾಯುತ್ತಿತ್ತು. ಹೆಂಗಸರು ಬೇವಿನ ಟೊಂಗೆಯಿಂದ ಬಡಿದೇ ಆರಿಸುತ್ತಿದ್ದರು. ಈ ಸಲ ಅದು ಕರಡದಿಂದ ಪೊದೆಗೆ, ಪೊದೆಯಿಂದ ಮರದ ನೆತ್ತಿಗೆ ಏಣಿ ಹತ್ತಿದಂತೆ ಹತ್ತಿತು. ಬೆಂಕಿಯ ಮುಂದೆ ಒಂದು ಪಟ್ಟಿ ಕರಡವನ್ನಾದರೂ ಕೊಯ್ದು ಅದರ ದಾರಿ ತಪ್ಪಿಸಬೇಕೆಂದು ಸಂಗವ್ವ ಕುಡಗೋಲು ಹಿಡಿದು ಓಡಿದಳು. ಎಷ್ಟೋ ಬೆಂಕಿ ಕಂಡು ಉಳಿದಿದ್ದ ಮುದಿಮರಗಳು ನಿಂತಲ್ಲೇ ಕರಿಕಾದವು. ಆಕೆಯ ಎರಡೂ ಕೈ ಬೆಂದವು.

ಶಹಾಪುರದ ದವಾಖಾನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಂದಳು: "ಈಗ ಭಾಷಣ ಬ್ಯಾಡ್ರಿ ಮಾಸ್ತರ್ರ. ಕುಡಗೋಲು ನಿಮ್ಮ ಕಡೀನ ಇರಲಿ. ನನ್ನ ಬೆರಳ ಇನ್ನ ಮಡಚಂಗಿಲ್ಲ."

ಈ ಮಳೆಗೆ ಕರಿಗುಡ್ಡದ ಮೇಲೆ ಮತ್ತೆ ಹುಲ್ಲು ಎದ್ದಿದೆ, ಮರ ಎದ್ದಿಲ್ಲ. ಅಂದಿನ ಠರಾವನ್ನು ರದ್ದುಮಾಡಿರೆಂದು ನಾನೇ ಬರೆದ ಅರ್ಜಿ ಈ ಕುಡಗೋಲಿನ ಕೆಳಗಿದೆ. ಮೊದಲ ಹೆಬ್ಬೆಟ್ಟು ಸಂಗವ್ವನದಾಗಲೆಂದು ನಿನ್ನೆ ಆಕೆಯ ಮನೆಗೆ ಹೋಗಿದ್ದೆ. ಸುಟ್ಟ ಬೆರಳಲ್ಲಿ ಗೆರೆಗಳಿರಲಿಲ್ಲ. ಕಾಗದದ ಮೇಲೆ ಮೂಡಿದ್ದು ಬರಿಯ ನೀಲಿ ಕಲೆ.

ನಿಮ್ಮೂರಿಗೂ ಗುಡ್ಡವಿದ್ದರೆ ಈ ದೀಪಾವಳಿ ಕಳೆದ ಮೇಲೆ ಒಮ್ಮೆ ಹತ್ತಿ ನೋಡಿ. ಒಣಹುಲ್ಲು ಮೊಣಕಾಲು ಮುಟ್ಟಿದರೆ, ಅದನ್ನು ಕೊಯ್ಯಬಲ್ಲವರ ಮಾತು ಕೇಳಿ, ಅವರಿಗೆ ಪರವಾನಗಿ ಕೊಡಿಸಿ.