ದಾರಿಗೆ ಹಾಕಿದ ಸೊಪ್ಪು

ಹೋದ ತಿಂಗಳು ನನ್ನ ಹಳೆಯ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಹೋಗಿದ್ದೆ. ಅಂಗಡಿಯವನು ಟ್ಯೂಬ್ ಉಜ್ಜಿ, ಸೊಲ್ಯೂಷನ್ ಹಚ್ಚಿ, ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಹೊಡೆಯಿತು. ಪಕ್ಕದಲ್ಲಿ ದಪ್ಪ ಟಯರಿನ ಸೈಕಲ್ ಹಿಡಿದ ಇಬ್ಬರು ತರುಣರು ನಿಂತು, ನಮ್ಮ ಬಡಾವಣೆಯ ಹಿಂದಿನ ಗುಡ್ಡದ ಕಾಲುದಾರಿಯಲ್ಲಿ ಹೊಸದಾಗಿ ನೆಟ್ಟ ಬೋರ್ಡುಗಳನ್ನು ಬೈಯುತ್ತಿದ್ದರು. ನಿಧಾನ ಹೋಗಿ, ನಡೆಯುವವರಿಗೆ ದಾರಿ ಬಿಡಿ ಎಂದೆಲ್ಲ ಬರೆದಿದ್ದಾರಂತೆ. ಬೋರ್ಡ್ ಓದಿಕೊಂಡು ಕೂತರೆ ಸೈಕಲ್ ಹೊಡೆಯುವ ಮಜಾ ಎಲ್ಲಿಂದ ಬರಬೇಕು ಎಂದು ಅವರ ತಕರಾರು. ಒಂದು ಮಾತು ಹೇಳೋಣವೆನಿಸಿತು. ಹೇಳಲಿಲ್ಲ. ಮೇಷ್ಟರಾಗಿ ಮೂವತ್ತು ಚಿಲ್ಲರೆ ವರ್ಷ ರೇಗಿದ್ದು ಸಾಕಾಗಿದೆ.

ಆದರೆ ಆ ವಾಸನೆ ಮನೆಯವರೆಗೂ ಜೊತೆಗೇ ಬಂತು... ಹೊಸನಗರದ ಸೈಕಲ್ ಶಾಪಿನವರೊಬ್ಬರನ್ನು ನೆನಪಿಸುವ ವಾಸನೆ ಅದು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಹೊಸನಗರದ ಹತ್ತಿರದ ಶಾಲೆಯೊಂದರಲ್ಲಿ ಕೆಲಸವಾಯಿತು. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೆ ಬಾಡಿಗೆ. ಕೋಣೆಯಲ್ಲಿ ನನ್ನ ಜೊತೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಗುಮಾಸ್ತ ಇದ್ದ, ನನ್ನದೇ ವಯಸ್ಸು, ಬಾಯಿತುಂಬ ನಗು. ಶಾಪಿನವರು ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಕೊಡುವ ಮೊದಲು ಅವರ ಎದುರೇ ಬೆಲ್ ಬಾರಿಸಬೇಕು, ಬ್ರೇಕ್ ಹಿಡಿಯಬೇಕು. ತಹಶೀಲ್ದಾರರೇ ಬಂದರೂ ಅಷ್ಟೇ ಎಂದು ಜನ ನಗುತ್ತಿದ್ದರು.

ಊರಾಚೆ ಒಂದು ಇಳಿಜಾರು ಕಾಲುದಾರಿ ಇತ್ತು. ಟಾರು ರಸ್ತೆಯಲ್ಲಿ ಸುತ್ತಿ ಬರುವುದು ತಪ್ಪುತ್ತದೆಂದು ಎಲ್ಲರೂ ಅದರಲ್ಲೇ ಓಡಾಡುವವರು. ಶಾಲೆಗೆ ಹೋಗುವವರು, ದನ ಹೊಡೆದುಕೊಂಡು ಬರುವವರು, ಕೊಟ್ಟಿಗೆಗೆ ಹಾಸಲು ಸೊಪ್ಪಿನ ಹೊರೆ ಹೊತ್ತು ಬರುವ ಹೆಂಗಸರು, ಮತ್ತೆ ಸೈಕಲ್ಲಿನವರು. ಇಳಿಜಾರಿನ ಬುಡದಲ್ಲಿ ಹಳ್ಳ, ಹಳ್ಳಕ್ಕೆ ಅಡ್ಡ ಮರದ ದಿಮ್ಮಿಗಳನ್ನು ಹಾಸಿದ ಸಂಕ. ಅಲ್ಲಿ ಸೈಕಲ್ ಇಳಿದೇ ಹೋಗಬೇಕು ಎಂಬುದು ಶಾಪಿನವರ ಕಟ್ಟಾಜ್ಞೆ.

"ದಾರಿ ನಡ್ಯೋರದ್ದು ಮಾರಾಯ್ರೆ. ನಾವು ಸೈಕಲ್ಲಿನೋರು ಕೇಳ್ಕೊಂಡು ಹೋಗ್ಬೇಕು," ಎನ್ನುತ್ತಿದ್ದರು.

ನನ್ನ ಕೋಣೆಯ ಗುಮಾಸ್ತ ಹೂಂಗುಟ್ಟುತ್ತಿದ್ದ. ಆಮೇಲೆ ಬ್ರೇಕ್ ಮುಟ್ಟದೆ ಸಂಕ ದಾಟಿದೆನೆಂದು ನನ್ನ ಹತ್ತಿರ ಜಂಭ ಕೊಚ್ಚುತ್ತಿದ್ದ. ಹಳ್ಳದಾಚೆಯ ಊರಿನಲ್ಲಿ ಅವನಿಗೆ ದಿನಾ ಸಂಜೆ ವಾಲಿಬಾಲ್.

ಒಂದು ಮಳೆಗಾಲ ಕಳೆಯುವ ಹೊತ್ತು. ನಾನು ಶಾಲೆ ಮುಗಿಸಿ ರಸ್ತೆಯಲ್ಲಿ ಬರುತ್ತಿದ್ದಾಗ, ಕಾಲುದಾರಿ ಕವಲೊಡೆಯುವಲ್ಲಿ ಶಾಪಿನವರು ಕತ್ತಿ ಹಿಡಿದು ನಿಂತಿದ್ದರು. ಸಂಕದ ಒಂದು ದಿಮ್ಮಿ ಕೊಳೆತು ಕುಂಬಾಗಿ ಮುರಿದಿದೆಯೆಂದೂ ನಾಳೆ ಜನ ಕರೆದು ಸರಿಮಾಡಿಸಬೇಕೆಂದೂ ಹೇಳಿದರು. ನಮ್ಮ ಕಡೆ ಬಸ್ಸು ಕೆಟ್ಟು ನಿಂತರೆ, ಮರ ಬಿದ್ದರೆ, ಮುಂದೆ ಅಪಾಯ ಎಂದು ತಿಳಿಸಲು ದಾರಿಗೆ ಹಸಿ ಸೊಪ್ಪು ಹಾಕುತ್ತಾರೆ. ಅವರೂ ನಾಲ್ಕಾರು ಕೊಂಬೆ ಕಡಿದು ದಾರಿಗೆ ಅಡ್ಡ ಹಾಕಿದರು. ಗಾಳಿಗೆ ಚದುರಬಾರದೆಂದು ಜೇಬಿನಿಂದ ಹಳೇ ಟ್ಯೂಬಿನ ಪಟ್ಟಿ ತೆಗೆದು ಬುಡ ಸೇರಿಸಿ ಬಿಗಿದರು. ಇಬ್ಬರೂ ಮಾತಾಡುತ್ತ ಊರಿಗೆ ಬಂದೆವು. ದಾರಿಯಲ್ಲಿ ಹೋಟೆಲಿನ ಮುಂದೆ ಕೂತವರಿಗೆ ನಾಳೆ ಸಂಕದ ಕೆಲಸಕ್ಕೆ ಬನ್ನಿ ಎಂದು ಹೇಳಿದರು.

ಗುಮಾಸ್ತ ಅಂದು ಆಫೀಸಿನಿಂದಲೇ ಶಾಪಿನ ಸೈಕಲ್ ಹತ್ತಿ ನೇರವಾಗಿ ಆಟಕ್ಕೆ ಹೋದ. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಹಳ್ಳದ ಕಲ್ಲಿಗೆ ತಲೆ ಬಡಿದಿತ್ತು. ಶಾಪಿನವರೂ ನಾನೂ ಅವನನ್ನು ಎತ್ತಿ ಲಾರಿಯೊಂದಕ್ಕೆ ಹಾಕಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ, ನನ್ನ ತೊಡೆಯ ಮೇಲೇ... ಅದನ್ನು ಬರೆಯಲಾರೆ.

ದಾರಿಯಲ್ಲಿ ಸೊಪ್ಪು ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ಬೆಳಿಗ್ಗೆ ಗೊತ್ತಾಯಿತು. ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದೆ. ಶಾಪಿನವರು ಅವರ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ದನದ ಕಾಲ ಬುಡದಲ್ಲಿ ಹೊಸ ಸೊಪ್ಪು, ಅವರ ಕೈಯಲ್ಲಿ ಆ ಟ್ಯೂಬಿನ ಪಟ್ಟಿ. ಒಳಗೆ ಸಗಣಿ ತೆಗೆಯುತ್ತಿದ್ದ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ನಿನ್ನೆ ಮಳೆ ಬಂತೆಂದು ಸೊಪ್ಪು ಕಡಿಯಲಾಗಲಿಲ್ಲ, ದಾರಿಯಲ್ಲಿ ಯಾರೋ ಹೊರಲಾರದೆ ಬಿಟ್ಟುಹೋದ ಕಟ್ಟೊಂದು ಸಿಕ್ಕಿತು ಎನ್ನುತ್ತಿದ್ದರು. ಟಾರು ರಸ್ತೆಯಲ್ಲಿ ಬಿದ್ದಿದ್ದರೆ ಅವರಿಗೂ ಅರ್ಥವಾಗುತ್ತಿತ್ತು. ಸೊಪ್ಪಿನ ದಾರಿಯಲ್ಲಿ, ಬುಡ ಬಿಗಿದು ಕಟ್ಟಿದ ಸೊಪ್ಪನ್ನು ಕಂಡರೆ ನಮ್ಮ ಕಡೆಯ ಯಾವ ಹೆಂಗಸಿಗೂ ಅದು ಹೊರೆಯಾಗಿಯೇ ಕಾಣುತ್ತದೆ. ಶಾಪಿನವರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನನ್ನನ್ನು ನೋಡಿದರು.

ಮಧ್ಯಾಹ್ನ ಗುಮಾಸ್ತನ ತಂದೆ ಬಂದರು. ಅಂಗಡಿಯ ಮುಂದೆ ಜನ ಸೇರಿತ್ತು. ಅಕ್ಕ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಸಂಕ ಮುರಿದಿದ್ದು ನೀವು ನೋಡಿದ್ರಂತೆ. ದಾರಿಗೊಂದು ಸೊಪ್ಪಿನ ಕೊಂಬೆ ಹಾಕ್ಬಾರ್ದಿತ್ತಾ ಮಾರಾಯ್ರೆ?" ಎಂದರು ಆ ಹಿರಿಯರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದರು.

ನಾನು ಬಾಯಿ ತೆರೆದೆ. ಶಾಪಿನವರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮರ್ತ್‌ಬಿಟ್ಟೆ ಅಯ್ಯಾ," ಎಂದರು.

ಹಾಕಿದ್ದೆ ಎಂದಿದ್ದರೆ, ತೆಗೆದವರಾರು ಎಂಬ ಪ್ರಶ್ನೆ ಬರುತ್ತಿತ್ತು. ಆ ದಾರಿಯಲ್ಲಿ ಅಂದು ಸೊಪ್ಪು ಹೊತ್ತು ಬಂದವರು ಒಬ್ಬರೇ ಎಂದು ಇಡೀ ಕೇರಿಗೆ ಗೊತ್ತಿತ್ತು. ಸಂಜೆ ನಾವಿಬ್ಬರೇ ಇದ್ದಾಗ, "ಅವ್ಳು ಬದ್ಕದಿಲ್ಲ ಮೇಷ್ಟ್ರೆ, ಗೊತ್ತಾದ್ರೆ" ಎಂದಷ್ಟೇ ಅಂದರು. ಗುಮಾಸ್ತ ಇಳಿದು ನಡೆಯಬೇಕಿತ್ತು, ತಪ್ಪು ಅವನದೂ ಇದೆಯಲ್ಲ ಎಂದು ನಾನು ವಾದಿಸಿದೆ. ಸತ್ತವನ ಮೇಲೆ ಹಾಕುವುದು ಬೇಡ ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಊರು ಅವರನ್ನು ಸುಮ್ಮನೆ ಬಿಡಲಿಲ್ಲ. ಬ್ರೇಕೂ ಕೆಟ್ಟಿತ್ತಂತೆ ಎಂದು ಇಲ್ಲದ್ದನ್ನೂ ಸೇರಿಸಿದರು. ಬಾಡಿಗೆಗೆ ಬರುವವರು ಕಡಿಮೆಯಾದರು. ಅವರು ಒಂದು ತಗಡಿಗೆ ಬಿಳಿ ಬಣ್ಣ ಬಳಿದು 'ಇಳಿದು ನಡೆಯಿರಿ' ಎಂದು ಬರೆದು ಇಳಿಜಾರಿನ ಮೇಲೆ ಮರಕ್ಕೆ ಹೊಡೆದರು. ಅದೂ ಸಾಲದೆನಿಸಿತೋ ಏನೋ, ಆಫೀಸು ಬಿಡುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿ ತಾವೇ ಹೋಗಿ ಅಲ್ಲಿ ನಿಲ್ಲತೊಡಗಿದರು. ಸೈಕಲ್ಲಿನವರು ಇಳಿಯುತ್ತಿದ್ದರು, ಆದರೆ, "ಇವತ್ತು ಮರೀದೆ ಬಂದ್ರಲ್ಲ!" ಎಂದು ಚುಚ್ಚಿ ಹೋಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅಂದವರು ಅಕ್ಕನೇ. ಒಂದು ಕೊಂಬೆ ಕಡಿಯಲು ನಿಮ್ಮ ಕೈ ಸೇದಿಹೋಗಿತ್ತಾ ಎಂದು ಅನ್ನ ಬಡಿಸುವಾಗಲೂ ಅನ್ನುತ್ತಿದ್ದರು. ಗೋಡೆಯ ಈಚೆ ನನಗೆ ಕೇಳುತ್ತಿತ್ತು. ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದಿರಬೇಕು, ಎದುರುತ್ತರ ಕೇಳಿಸಿದ್ದೇ ಇಲ್ಲ... ಆಮೇಲೆ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು.

ಪಂಕ್ಚರಿನ ವಾಸನೆ ತಲೆಗೇರಿದ ಮೇಲೆ ಸುಮ್ಮನಿರಲಾಗಲಿಲ್ಲ. ವಿಚಾರಿಸಿಕೊಂಡು ಸಾಗರಕ್ಕೆ ಹೋದೆ. ಅಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ನನ್ನ ದನಿಯಿಂದಲೇ ಗುರುತು ಹಿಡಿದರು. ಕಾಫಿ ಆಯಿತು, ಮೊಮ್ಮಕ್ಕಳ ಸುದ್ದಿ ಆಯಿತು. ಮಗಳು ಒಳಗೆ ಹೋದ ಮೇಲೆ ನನ್ನ ಕಡೆ ಬಗ್ಗಿದರು.

"ಮೇಷ್ಟ್ರೆ, ಅವ್ರು ಯಾವತ್ತೂ ಏನೂ ಮರೆತೋರಲ್ಲ. ಅವತ್ತು ನಿಜವಾಗ್ಲೂ ಮರ್ತಿದ್ರಾ?"

ಆ ಮನುಷ್ಯನಿಗೆ ನ್ಯಾಯ ಕೊಡಲು ಉಳಿದಿರುವವನು ನಾನೊಬ್ಬನೇ. ಕೊಟ್ಟರೆ, ಅವರು ಬದುಕಿಡೀ ಕಾಪಾಡಿಕೊಂಡು ಬಂದದ್ದು ಒಂದೇ ಮಾತಿಗೆ ಮಣ್ಣುಪಾಲು.

"ಹೌದಕ್ಕ, ಮರ್ತಿದ್ರು," ಎಂದೆ.

ಅಕ್ಕ ಗೋಡೆಗೆ ಒರಗಿದರು. "ಹಾಗಾದ್ರೆ ನಾನು ಬೈದಿದ್ದು ತಪ್ಪಲ್ಲ, ಅಲ್ದಾ?" ಎಂದರು.

ತಪ್ಪಲ್ಲ ಎಂದು ಹೇಳಿ, ಎದ್ದು ಬಂದೆ.